ರಕ್ತದಾನ: ಕರೆಗಾಗಿ ಕಾಯಬೇಕೇ?

ಕಬ್ಬಿಣ, ಉಕ್ಕಿನ ಕಾರ್ಖಾನೆಗಳಿರುವ ಗಿಣಿಗೇರಾದಲ್ಲಿ ಅಪಘಾತವಾದರೆ ರಕ್ತಕ್ಕಾಗಿ ಓಡಾಟ ಆರಂಭವಾಗುತ್ತದೆ. ಆದರೆ ಆಗ ಧಾವಿಸಿ ಬಂದು ಕೊಟ್ಟ ರಕ್ತವನ್ನು ಎಚ್‌ಐವಿ, ಕಾಮಾಲೆ ಮುಂತಾದವುಗಳ ಪರೀಕ್ಷೆಯಿಲ್ಲದೆ ರೋಗಿಗೆ ನೀಡುವಂತಿಲ್ಲ. ಜೀವ ಉಳಿಸುವುದು ಮೊದಲೇ ಸಂಗ್ರಹಿಸಿಟ್ಟ ರಕ್ತ. ಅದೂ ಆರು ವಾರಕ್ಕಿಂತ ಹೆಚ್ಚು ಬಾಳದು. ರಕ್ತದ ಮಾರಾಟಕ್ಕೆ ಸುಪ್ರೀಮ್ ಕೋರ್ಟು 1996ರ ತೀರ್ಪಿನಲ್ಲಿ ತಡೆಯೊಡ್ಡಿದ ಬಳಿಕ ದಾನಿಗಳೇ ಆಸರೆ. ವರ್ಷಕ್ಕೊಂದು ಶಿಬಿರ, ಪತ್ರಿಕೆಗೊಂದು ಫೋಟೋ, ಇಷ್ಟರಿಂದ ಈ ಹೊಣೆ ತೀರದು.

ನಮ್ಮಲ್ಲಿ ಕೆಲವರನ್ನು ತಡೆಯುತ್ತಿರುವುದು ನಿಶ್ಶಕ್ತಿಯ ಭಯ ಮತ್ತು ಇದು ಧರ್ಮಸಮ್ಮತವೇ ಎಂಬ ಶಂಕೆ. ಆರೋಗ್ಯವಂತ ಪುರುಷರು ಮೂರು ತಿಂಗಳಿಗೊಮ್ಮೆ, ಮಹಿಳೆಯರು ನಾಲ್ಕು ತಿಂಗಳಿಗೊಮ್ಮೆ ರಕ್ತ ನೀಡಬಹುದು. ಒಂದು ಜೀವದ ರಕ್ಷಣೆಯನ್ನು ಸಕಲ ಮಾನವರ ರಕ್ಷಣೆಗೆ ಸಮಾನವೆಂದ ಪವಿತ್ರ ಕುರ್‌ಆನ್ ಆ ಜೀವದ ಮತ ಯಾವುದೆಂದು ಕೇಳಿಲ್ಲ. ಜಮಾಅತ್‌ಗಳು ದಾನಿಗಳ ಸರದಿ ಪಟ್ಟಿ ಸಿದ್ಧಪಡಿಸಲಿ. ಮೊದಲ ಹೆಸರುಗಳು ಕಮಿಟಿಯ ಪದಾಧಿಕಾರಿಗಳದ್ದೇ ಆಗಿರಲಿ.