ಆತಂಕಕ್ಕೆ ಮದ್ದು ಜನ್ಮವರ್ಷದಲ್ಲಿಲ್ಲ

ಗೋಣಿಬೀಡಿನ ಸುತ್ತಮುತ್ತ ಬದುಕುವವರಿಗೆ ಆತಂಕ ಹೊಸತೇನಲ್ಲ. ಕೊಯ್ದ ಕಾಫಿ ಹಣ್ಣನ್ನು ಕಣದಲ್ಲಿ ಹರವಿದ ದಿನವೇ ಅಕಾಲಿಕ ಮಳೆ ಸುರಿಯಬಹುದು. ಬೇಸಿಗೆಯ ಆರಂಭದಲ್ಲಿ ಬರಬೇಕಾದ ಹೂಮಳೆ ಕೈಕೊಡಬಹುದು. ತೋಟಕ್ಕೆ ಕಾಡಾನೆ ನುಗ್ಗಬಹುದು. ಬೆಳೆ ಕೈಗೆ ಬಂದರೂ ಅದರ ಬೆಲೆ ನಿರ್ಧಾರವಾಗುವುದು ಮೂಡಿಗೆರೆಯಲ್ಲಲ್ಲ. ಅರೇಬಿಕಾದ ಬೆಲೆ ನ್ಯೂಯಾರ್ಕ್‌ನ ಮಾರುಕಟ್ಟೆಯನ್ನು, ರೋಬಸ್ಟಾದ ಬೆಲೆ ಲಂಡನ್‌ನ ಮಾರುಕಟ್ಟೆಯನ್ನು ಅನುಸರಿಸುತ್ತದೆ. 2001-02ರ ಬೆಲೆ ಕುಸಿತವನ್ನು ಮಲೆನಾಡು ಮರೆತಿಲ್ಲ. 2019ರ ಆಗಸ್ಟ್‌ನಲ್ಲಿ ಇದೇ ತಾಲೂಕಿನಲ್ಲಿ ಗುಡ್ಡಗಳು ಕುಸಿದು ಮನೆ-ತೋಟಗಳನ್ನು ಕೊಂಡೊಯ್ದುದನ್ನೂ ಮರೆತಿಲ್ಲ. ಬೀಜ ಕೊಳ್ಳುವ ವ್ಯಾಪಾರಿ, ವಾರದ ಬಟವಾಡೆಗೆ ಕಾಯುವ ಕಾರ್ಮಿಕ, ಗಲ್ಫ್‌ನಲ್ಲಿರುವ ಮಗನ ಕೆಲಸದ ಬಗ್ಗೆ ಚಿಂತಿಸುವ ತಾಯಿ, ಹೀಗೆ ನಿದ್ದೆಗೆಡುವವರು ಎಲ್ಲ ಮನೆಗಳಲ್ಲೂ ಇದ್ದಾರೆ.

ಈ ನಿದ್ದೆಗೇಡಿಗೆ ಹೊಸ ಮದ್ದೊಂದು ಈಗ ಮೊಬೈಲ್ ಮೂಲಕ ಮನೆಯೊಳಕ್ಕೆ ಬರುತ್ತಿದೆ. ಅದರ ಹೆಸರು ಚೀನೀ ಜ್ಯೋತಿಷ್ಯ. ಇಲಿ, ಎತ್ತು, ಹುಲಿ, ಮೊಲದಿಂದ ಹಂದಿಯವರೆಗೆ 12 ಪ್ರಾಣಿಗಳು. ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ 5 ತತ್ವಗಳು. ಇವೆರಡೂ ಸೇರಿ 60 ವರ್ಷಗಳ ಒಂದು ಚಕ್ರ. ಹುಟ್ಟಿದ ವರ್ಷವನ್ನು ತಿಳಿಸಿದರೆ ಸಾಕು, ನಿಮ್ಮ ಸ್ವಭಾವ, ನಿಮ್ಮ ಆತಂಕದ ಮೂಲ ಮತ್ತು ನೀವು ಬದುಕಬೇಕಾದ ರೀತಿ ಸಿದ್ಧವಾಗಿರುತ್ತದೆ. ಬೆಂಕಿಯ ಅಂಶ ಹೆಚ್ಚಿದ್ದರೆ ಕಾಫಿ ಬಿಡಬೇಕು, ನೀರಿನ ಬಳಿ ನಡೆದಾಡಬೇಕು, ಬೇಗ ಮಲಗಬೇಕು ಎಂಬಂಥ ಸಲಹೆಗಳು.

ಬೇಗ ಮಲಗುವುದು ತಪ್ಪೇ, ನಡೆದಾಡುವುದು ತಪ್ಪೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ತಪ್ಪಲ್ಲ. ನಿಯಮಿತ ನಿದ್ದೆ ಮತ್ತು ದೈಹಿಕ ವ್ಯಾಯಾಮದಿಂದ ಆತಂಕ ತಗ್ಗುತ್ತದೆ ಎಂದು ವೈದ್ಯರೂ ಹೇಳುತ್ತಾರೆ. ಅತಿಯಾದ ಕೆಫೀನ್ ಎದೆಬಡಿತವನ್ನೂ ಚಡಪಡಿಕೆಯನ್ನೂ ಹೆಚ್ಚಿಸುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್ ಗರಿಷ್ಠ ಮಿತಿ ಎನ್ನಲಾಗುತ್ತದೆ. ಬಂದವರಿಗೆಲ್ಲ ಕಾಫಿ ಕೊಟ್ಟು ತಾವೂ ಜೊತೆಗೆ ಕುಡಿಯುವ ನಮ್ಮ ಕಾಫಿ ಸೀಮೆಗೆ ಇದು ಬಹಳ ಉಪಯುಕ್ತವಾದ ಮಾಹಿತಿ. ಆದರೆ ಇದು ಇಲಿಯ ವರ್ಷದವರಿಗೂ ಹುಂಜದ ವರ್ಷದವರಿಗೂ ಸಮಾನವಾಗಿ ಅನ್ವಯಿಸುತ್ತದೆ. ಹಾಗಿರುವಾಗ ನಡುವೆ ಜನ್ಮವರ್ಷದ ಅಗತ್ಯವೇನು? 1984ರಲ್ಲಿ ಹುಟ್ಟಿದ ತೋಟದ ಮಾಲೀಕರೂ ಅದೇ ವರ್ಷ ಹುಟ್ಟಿದ ಅವರ ತೋಟದ ಕಾರ್ಮಿಕರೂ ಈ ಲೆಕ್ಕದಲ್ಲಿ ಮರದ ಇಲಿಗಳೇ. ಒಬ್ಬರಿಗೆ ಬ್ಯಾಂಕಿನ ಸಾಲದ ಚಿಂತೆ, ಇನ್ನೊಬ್ಬರಿಗೆ ಮಗಳ ಕಾಲೇಜಿನ ಶುಲ್ಕದ ಚಿಂತೆ. ಇಬ್ಬರ ಆತಂಕವೂ ಅವರವರ ಬದುಕಿನಿಂದ ಬಂದದ್ದೇ ಹೊರತು ಪಂಚಾಂಗದಿಂದಲ್ಲ.

ನಿರುಪದ್ರವಿ ಎಂದು ಕಾಣುವ ಈ ಪದ್ಧತಿ ಒಂದು ಭಯವನ್ನು ಶಮನ ಮಾಡುತ್ತಲೇ ಇನ್ನೊಂದು ಭಯವನ್ನು ಬಿತ್ತುತ್ತದೆ. ತಾನು ಹುಟ್ಟಿದ ಪ್ರಾಣಿಯ ವರ್ಷ 12 ವರ್ಷಗಳಿಗೊಮ್ಮೆ ಮರಳಿ ಬಂದಾಗ ಅದು ಅಪಾಯದ ವರ್ಷವೆಂದು ಈ ನಂಬಿಕೆ ಸಾರುತ್ತದೆ. ಅದರ ನಿವಾರಣೆಗೆ ಕೆಂಪು ಬಟ್ಟೆ ಅಥವಾ ಕೆಂಪು ದಾರ ಧರಿಸಬೇಕೆನ್ನುತ್ತದೆ. ಮೊದಲೇ ಆತಂಕದಿಂದ ಬಳಲುವ ವ್ಯಕ್ತಿಗೆ 36ನೆಯ ಅಥವಾ 48ನೆಯ ವಯಸ್ಸು ಗಂಡಾಂತರದ್ದು ಎಂದು ಹೇಳುವುದು ಚಿಕಿತ್ಸೆ ಹೇಗಾದೀತು?

ಈ ಭಯ ಒಂದು ದೇಶದ ಜನಸಂಖ್ಯೆಯ ಲೆಕ್ಕವನ್ನೇ ಬದಲಿಸಿದ ಉದಾಹರಣೆ ನಮ್ಮ ಮುಂದಿದೆ. 1966 ಬೆಂಕಿ-ಕುದುರೆಯ ವರ್ಷವಾಗಿತ್ತು. ಆ ವರ್ಷ ಹುಟ್ಟುವ ಹೆಣ್ಣು ಗಂಡನಿಗೆ ಕೇಡು ತರುತ್ತಾಳೆಂಬ ನಂಬಿಕೆ ಜಪಾನಿನಲ್ಲಿತ್ತು. 1965ರಲ್ಲಿ ಅಲ್ಲಿ ಸುಮಾರು 18.2 ಲಕ್ಷ ಮಕ್ಕಳು ಹುಟ್ಟಿದ್ದರೆ 1966ರಲ್ಲಿ ಹುಟ್ಟಿದ್ದು ಸುಮಾರು 13.6 ಲಕ್ಷ ಮಾತ್ರ. ಮರುವರ್ಷ ಸಂಖ್ಯೆ ಮತ್ತೆ 19 ಲಕ್ಷ ದಾಟಿತು. ಕಾರ್ಖಾನೆ, ವಿಶ್ವವಿದ್ಯಾಲಯ, ವೇಗದ ರೈಲು ಎಲ್ಲವೂ ಇದ್ದ ದೇಶದ ಮಾತಿದು. ನಮ್ಮಲ್ಲಿ ಕುಜದೋಷದ ಹೆಸರಿನಲ್ಲಿ ಹೆಣ್ಣುಮಕ್ಕಳ ಮದುವೆ ಮುರಿಯುವುದನ್ನು ನೋಡಿದವರಿಗೆ ಇದು ಅಪರಿಚಿತವಲ್ಲ. ಅದೇ ಬೆಂಕಿ-ಕುದುರೆಯ ವರ್ಷ 60 ವರ್ಷಗಳ ನಂತರ ಬಂದಿರುವುದು 2026ರಲ್ಲಿ.

ಇನ್ನೊಂದು ಅಧ್ಯಯನವನ್ನೂ ಗಮನಿಸೋಣ. ಡೇವಿಡ್ ಫಿಲಿಪ್ಸ್ ಮತ್ತು ಸಂಗಡಿಗರು 1993ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ 28,169 ಚೀನೀ ಮೂಲದ ಅಮೆರಿಕನ್ನರ ಮರಣ ದಾಖಲೆಗಳ ವಿಶ್ಲೇಷಣೆ ಪ್ರಕಟಿಸಿದರು. ಜ್ಯೋತಿಷ್ಯದ ಪ್ರಕಾರ ತಮ್ಮ ಜನ್ಮವರ್ಷಕ್ಕೆ ಅಶುಭವೆನಿಸಿದ ಕಾಯಿಲೆ ಬಂದವರು ಉಳಿದವರಿಗಿಂತ 1.3ರಿಂದ 4.9 ವರ್ಷ ಮೊದಲೇ ಸತ್ತಿದ್ದರು ಎಂಬುದು ಅವರ ನಿರ್ಣಯ. ಗ್ರಹಗತಿಯಲ್ಲ, ನಂಬಿಕೆಯೇ ಆಯುಷ್ಯವನ್ನು ಕುಗ್ಗಿಸಿತು ಎಂದು ಅವರು ವಾದಿಸಿದರು. 2006ರಲ್ಲಿ ಗ್ಯಾರಿ ಸ್ಮಿತ್ ಎಂಬ ವಿದ್ವಾಂಸರು ಬೇರೆ ವರ್ಷಗಳ ದಾಖಲೆ ಪರಿಶೀಲಿಸಿ ಈ ನಿರ್ಣಯವನ್ನು ಪ್ರಶ್ನಿಸಿದ್ದಾರೆ. ವಿವಾದವಿರುವುದು ಭಯ ಎಷ್ಟು ಹಾನಿ ಮಾಡಿತೆಂಬ ಬಗ್ಗೆ. ಜನ್ಮವರ್ಷಕ್ಕೆ ರೋಗ ತರುವ ಶಕ್ತಿಯಿದೆ ಎಂದು ಇಬ್ಬರಲ್ಲಿ ಯಾರೂ ಹೇಳಿಲ್ಲ.

ಮುಸ್ಲಿಮರಾದ ನಮಗಂತೂ ಈ ವಿಷಯದಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಪ್ರವಾದಿ ಮುಹಮ್ಮದ್(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿನ ಮರಣಕ್ಕಾಗಿಯೇ ಗ್ರಹಣ ಹಿಡಿಯಿತೆಂದು ಜನರು ಮಾತಾಡಿಕೊಂಡರು. ಯಾರ ಹುಟ್ಟು-ಸಾವಿಗಾಗಿಯೂ ಗ್ರಹಣ ಹಿಡಿಯುವುದಿಲ್ಲವೆಂದು ಪ್ರವಾದಿಯವರು(ಸ) ಆ ದುಃಖದ ನಡುವೆಯೇ ತಿದ್ದಿದರು. ಇಬ್ನು ಸೀನಾ ಮತ್ತು ಇಬ್ನು ಖಲ್ದೂನ್ ಜ್ಯೋತಿಷ್ಯವನ್ನು ಖಂಡಿಸಿ ಬರೆದರು. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀ ದೇಹ ಮತ್ತು ಮನಸ್ಸುಗಳೆರಡರ ಆರೋಗ್ಯದ ಕುರಿತು ಗ್ರಂಥ ರಚಿಸಿ ಭಯ, ಖಿನ್ನತೆ, ಬಿಡದೆ ಕಾಡುವ ಯೋಚನೆಗಳನ್ನು ಚಿಕಿತ್ಸೆಯಿರುವ ಕಾಯಿಲೆಗಳೆಂದೇ ವಿವರಿಸಿದರು. ವಿದ್ಯೆಗಾಗಿ ಚೀನಾಕ್ಕಾದರೂ ಹೋಗಬೇಕೆಂಬ ಮಾತು ನಮ್ಮ ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ಹದೀಸ್ ವಿದ್ವಾಂಸರು ಅದನ್ನು ದುರ್ಬಲ ವರದಿಯೆಂದು ಪರಿಗಣಿಸಿದ್ದಾರೆ. ಇರಲಿ, ಅಲ್ಲಿಯೂ ತರಬೇಕೆಂದದ್ದು ವಿದ್ಯೆಯನ್ನು, ಭವಿಷ್ಯವನ್ನಲ್ಲ.

ಆದರೆ ಚೀನೀ ಜ್ಯೋತಿಷ್ಯವನ್ನು ಟೀಕಿಸುವ ನಾವು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಹೆಸರಿನ ಅಕ್ಷರಗಳಿಗೆ ಅಂಕಿ ಕೊಟ್ಟು, ಕೂಡಿಸಿ ಕಳೆದು, ಯಾರೋ ಮಾಟ ಮಾಡಿದ್ದಾರೆಂದು ಹೇಳಿ ತಾವೀಝು ಕಟ್ಟುವವರು ನಮ್ಮಲ್ಲಿಲ್ಲವೇ? ಅರಬಿ ಅಕ್ಷರದಲ್ಲಿ ಬರೆದ ಮಾತ್ರಕ್ಕೆ ಮೌಢ್ಯವು ಧರ್ಮವಾಗುವುದಿಲ್ಲ. ಎದೆಬಡಿತದಿಂದ ಬಳಲುವ ಹೆಣ್ಣುಮಗಳನ್ನು ತಿಂಗಳುಗಟ್ಟಲೆ ನೂಲು-ನೀರಿನಲ್ಲಿ ಕಾಯಿಸುವುದು ಅವಳಿಗೆ ಮಾಡುವ ಅನ್ಯಾಯ. ಅವಳಿಗೆ ಥೈರಾಯ್ಡ್ ತೊಂದರೆ ಇರಬಹುದು; ಒಂದು ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ. ಪ್ರಾರ್ಥನೆಯಿಂದ ಮನಸ್ಸಿಗೆ ಸಮಾಧಾನ ಸಿಗುತ್ತದೆ. ಆದರೆ ಒಂಟೆಯನ್ನು ಕಟ್ಟಿಹಾಕಿ ನಂತರ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಕಲಿಸಿದ ಧರ್ಮ ನಮ್ಮದು.

ಜನರನ್ನಷ್ಟೇ ದೂರಿ ಸರಕಾರವನ್ನು ಬಿಟ್ಟುಬಿಡುವುದೂ ಸರಿಯಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಿವಿಧ ಮಾನಸಿಕ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ರೋಗಿಗಳಿಗೆ ಚಿಕಿತ್ಸೆಯೇ ತಲುಪುವುದಿಲ್ಲ. ವೈದ್ಯರು ಸಿಗದ ಕಡೆ ಜ್ಯೋತಿಷಿಗಳು ಬಂದು ಕೂರುತ್ತಾರೆ. ಕರ್ನಾಟಕದ 2017ರ ಮೌಢ್ಯ ವಿರೋಧಿ ಕಾಯ್ದೆ ಜ್ಯೋತಿಷ್ಯ ಮತ್ತು ವಾಸ್ತುವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅದೇ ವರ್ಷದ ಕೇಂದ್ರದ ಮಾನಸಿಕ ಆರೋಗ್ಯ ಕಾಯ್ದೆಯು ಸರಕಾರಿ ಮಾನಸಿಕ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಘೋಷಿಸಿದೆ. ಆ ಹಕ್ಕು ಕಾಗದದಿಂದ ಗೋಣಿಬೀಡಿಗೆ ಇಳಿದು ಬರಬೇಕಾದರೆ, ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಲಭ್ಯವಾಗಬೇಕೆಂಬ ಮನೋಚೈತನ್ಯ ಕಾರ್ಯಕ್ರಮ ತಪ್ಪದೆ ನಡೆಯುವಂತೆ ಜನರೇ ಒತ್ತಾಯಿಸಬೇಕು.

ಚಿಂತೆ ಎಲ್ಲರಿಗೂ ಇರುತ್ತದೆ. ಅದು ನಿದ್ದೆ, ಊಟ, ದುಡಿಮೆಗೆ ಅಡ್ಡಿಯಾದರೆ, ತಿಂಗಳುಗಟ್ಟಲೆ ಬಿಡದೆ ಕಾಡಿದರೆ ಅದಕ್ಕೆ ಚಿಕಿತ್ಸೆ ಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಅಲ್ಲಿ ಯಾರೂ ನಿಮ್ಮ ಜನ್ಮವರ್ಷದ ಪ್ರಾಣಿ ಯಾವುದೆಂದು ಕೇಳುವುದಿಲ್ಲ. ನಮ್ಮ ಜಮಾಅತ್‌ಗಳು ಈ ಸಂಖ್ಯೆಯನ್ನು ಮಸೀದಿಯ ಸೂಚನಾ ಫಲಕದಲ್ಲಿ ಬರೆಯಲಿ. ಖತೀಬರು ಒಂದು ಶುಕ್ರವಾರದ ಭಾಷಣವನ್ನು ಇದಕ್ಕಾಗಿ ಮೀಸಲಿಡಲಿ. ಮನಸ್ಸಿನ ಕಾಯಿಲೆ ಈಮಾನಿನ ಕೊರತೆಯಲ್ಲವೆಂದು ಮಿಂಬರಿನಿಂದ ಒಮ್ಮೆ ಕೇಳಿದರೆ, ಅವಮಾನಕ್ಕೆ ಹೆದರಿ ಮನೆಯೊಳಗೆ ಕುಳಿತವರು ಆಸ್ಪತ್ರೆಯ ಬಾಗಿಲವರೆಗೆ ಬರುವ ಧೈರ್ಯ ಮಾಡಿಯಾರು.