ಅಗ್ಗದ ಯಂತ್ರಾಯುಧಗಳು

ಬಡಗಿಗೆಲಸದ ವಿದ್ಯುದ್ಯಂತ್ರಗಳು ಸಾಮಾನ್ಯ ಗೃಹಸ್ಥರ ಕೈಗೂ ಎಟಕುವ ಬೆಲೆಗೆ ದೊರೆಯುತ್ತಿರುವುದರಿಂದ, ಅಗ್ಗದ ಯಂತ್ರವು ಎಷ್ಟು ಕಾಲ ಬಾಳೀತೆಂದು ಅನೇಕರು ಕೇಳುತ್ತಿರುವರು. ಆಯುಧವೆಂಬ ಪದಕ್ಕೂ ಆಯುಸ್ಸಿಗೂ ಧಾತುಸಂಬಂಧವೇನೂ ಇಲ್ಲ. ಆದರೂ ಕೊಳ್ಳತಕ್ಕವನು ಮೊದಲು ವಿಚಾರಿಸಬೇಕಾದದ್ದು ಆಯುಸ್ಸನ್ನೇ.

ಜರ್ಮನಿಯ ಫೈನ್ ಸಂಸ್ಥೆಯವರು ವಿದ್ಯುತ್ತಿನ ಕೈಬೈರಿಗೆಯನ್ನು ನಿರ್ಮಿಸಿದ್ದು 1895ರಲ್ಲಿ. ಇಂದು ತಂತಿಯುಳ್ಳ ಕೈಯಂತ್ರಗಳ ಪೈಕಿ ಬಹುಪಾಲಿನಲ್ಲಿ, ಬೆಲೆಯು ಹೆಚ್ಚಿರಲಿ ಕಡಮೆಯಿರಲಿ, ಒಂದೇ ಜಾತಿಯ ಮೋಟಾರು ಇರುತ್ತದೆ. ಭೇದವಿರುವುದು ಒಳಗಿನ ಸಣ್ಣ ವಸ್ತುಗಳಲ್ಲಿ. ತಿರುಗುವ ತಾಮ್ರದ ಬಳೆಗೆ ಒತ್ತಿಕೊಂಡು ವಿದ್ಯುತ್ತನ್ನು ಸಾಗಿಸುವ ಎರಡು ಕಾರ್ಬನ್ ತುಂಡುಗಳುಂಟು, ಅವು ಸವೆಯತಕ್ಕವೇ. ಒಳ್ಳೆಯ ಯಂತ್ರದಲ್ಲಿ ಹೊರಗಿನ ಬಿರಡೆಯನ್ನು ತಿರುಗಿಸಿ ಅವನ್ನು ಬದಲಾಯಿಸಬಹುದು. ಅಗ್ಗದ ಯಂತ್ರಗಳಲ್ಲಿ ಅನೇಕವನ್ನು ಪೂರ್ತಿಯಾಗಿ ಬಿಚ್ಚಬೇಕು. ಬಿಚ್ಚಿದ ಮೇಲೆ ಆ ಅಳತೆಯ ತುಂಡು ಪೇಟೆಯಲ್ಲಿ ಸಿಕ್ಕದು! ಹೀಗೆ ಅಲ್ಪಮೌಲ್ಯದ ಒಂದು ತುಣುಕಿಲ್ಲದೆ ಇಡೀ ಯಂತ್ರವು ಗುಜರಿಗೆ ಸೇರುವುದು. ಆದುದರಿಂದ ಅಂಗಡಿಯಲ್ಲಿ ಬೆಲೆಯನ್ನು ಕೇಳುವ ಮೊದಲು ಕಾರ್ಬನ್ನನ್ನು ಕೇಳಿರಿ.

ಅಚ್ಚು ಗುಂಡುಗಳ ಮೇಲೆ ತಿರುಗದೆ ಬರಿಯ ಬುಷ್ಷಿನಲ್ಲಿ ತಿರುಗುವುದಾದರೆ, ಕಾಲಕ್ರಮದಲ್ಲಿ ಸಡಿಲವಾಗಿ ರಂಧ್ರವು ಗುಂಡಗೆ ಬಾರದು. ಗೋಡೆಗೆ ಗೂಟ ಹೊಡೆದು, ವರ್ಷಕ್ಕೊಂದೆರಡು ಹಲಗೆ ಕೂಡಿಸುವ ಗೃಹಸ್ಥನಿಗೆ ಇದು ಬಾಧಕವಲ್ಲ. ಅಂಥವನು ಅಗ್ಗದ ಬೈರಿಗೆಯನ್ನೇ ಕೊಳ್ಳಲಿ. ಹೆಚ್ಚು ಹಣವನ್ನು ಪೆಟ್ಟಿಗೆಯಲ್ಲಿ ಮಲಗಿಸುವುದೇತಕ್ಕೆ?

ಜೀವನೋಪಾಯಕ್ಕಾಗಿ ಕೊಳ್ಳುವವನ ಲೆಕ್ಕವೇ ಬೇರೆ. ನಮ್ಮ ಬೀದಿಯ ತರುಣ ಬಡಗಿಯೊಬ್ಬನು ಸಾಲಮಾಡಿ ಅಗ್ಗದ ಕೀಸುವ ಯಂತ್ರವೊಂದನ್ನು ತಂದನು. ಮದುವೆಯ ಮನೆಯವರ ಹೊನ್ನೆಮರದ ಬಾಗಿಲನ್ನು ಕೀಸುತ್ತಿರುವಾಗ ನಾಲ್ಕನೆಯ ದಿನವೇ ಅದು ಹೊಗೆಯಾಡಿತು. ಸುರುಳಿಯನ್ನು ಮತ್ತೆ ಸುತ್ತಿಸಲು ಹೊಸ ಯಂತ್ರದಷ್ಟೇ ವೆಚ್ಚವೆಂದರು. ಕೆಲಸವು ಬೇರೊಬ್ಬನ ಪಾಲಾಯಿತು. ಸಾಲವು ಮಾತ್ರ ಇವನದಾಗಿ ಉಳಿಯಿತು. ಇಲ್ಲಿ ಯಂತ್ರವೊಂದನ್ನೇ ದೂಷಿಸುವುದು ನ್ಯಾಯವಲ್ಲ. ವಿದ್ಯುತ್ತಿನ ಒತ್ತಡವು ಕುಗ್ಗಿದಾಗ, ಅಥವಾ ಉದ್ದವಾದ ತೆಳುತಂತಿಯಿಂದ ಅದನ್ನು ಎಳೆದು ತಂದಾಗ, ಯಂತ್ರದ ವೇಗದೊಡನೆ ಅದನ್ನು ತಣಿಸುವ ಬೀಸಣಿಗೆಯ ವೇಗವೂ ಇಳಿಯುವುದು. ಬಲವಾಗಿ ಒತ್ತಿದಷ್ಟೂ ಸುರುಳಿಯ ಲೇಪವು ಸುಡುವುದು. ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಕುಮವಿಡುವ ನಾವು ಉಳಿದ ದಿನಗಳಲ್ಲಿ ಅದರ ಗಾಳಿಕಿಂಡಿಗಳಲ್ಲಿ ತುಂಬಿದ ಮರದ ಹೊಟ್ಟನ್ನು ತೆಗೆಯುವುದೇ ಇಲ್ಲ.

ಗರಗಸದ ವಿಷಯದಲ್ಲಿ ಮಾತ್ರ ನಾನು ಮಿತವ್ಯಯದ ಪಕ್ಷದವನಲ್ಲ. ಕಲ್ಲು ಕೊಯ್ಯಲೆಂದು ಮಾಡಿದ ಮಾರ್ಬಲ್ ಕಟರಿಗೆ ಹಲ್ಲಿನ ಚಕ್ರವನ್ನು ತೊಡಿಸಿ ಮರವನ್ನು ಸೀಳುವುದು ನಮ್ಮಲ್ಲಿ ರೂಢಿಯಾಗಿದೆ. ಮರದ ಗರಗಸಯಂತ್ರದಲ್ಲಿ ಕೆಲಸ ಮುಗಿದೊಡನೆ ಹಲ್ಲುಗಳನ್ನು ತಾನೇ ಮುಚ್ಚುವ ಸ್ಪ್ರಿಂಗಿನ ಕವಚವಿರುವುದು, ಇದರಲ್ಲಿ ಅದಿಲ್ಲ. ನಿಮಿಷಕ್ಕೆ ಹನ್ನೆರಡು ಹದಿಮೂರು ಸಾವಿರ ಸುತ್ತು ತಿರುಗುವ ಆ ಚಕ್ರವನ್ನು ಮರವು ಕಚ್ಚಿ ಹಿಡಿದರೆ, ಯಂತ್ರವು ಹಿಡಿದವನ ಮೇಲೆಯೇ ಹಿಂದಕ್ಕೆ ಹಾರುವುದು. ಮನೆಯಲ್ಲಿ ಇಂಥದಿದ್ದರೆ ಅದನ್ನು ಕಲ್ಲಿಗೇ ಬಿಟ್ಟು, ಹಲಗೆಯನ್ನು ಕೈಗರಗಸದಿಂದಲೇ ಕೊಯ್ಯಿರಿ.