ಜನರಿಲ್ಲದ ದ್ವೀಪವೇ ಬೇಕೆಂಬ ಹಠ

ಮದುವೆಯ ಮಾತುಕತೆ ಮುಗಿದು, ಮಹರ್ ನಿಗದಿಯಾಗಿ, ಸಭಾಂಗಣ ಗೊತ್ತಾದ ಬಳಿಕ ಈಗ ನಮ್ಮ ಮನೆಗಳಲ್ಲಿ ಇನ್ನೊಂದು ಚರ್ಚೆ ಆರಂಭವಾಗುತ್ತದೆ. ವಧೂವರರನ್ನು ಎಲ್ಲಿಗೆ ಕಳುಹಿಸುವುದು? ಹಿಂದೆ ಊಟಿ, ಮುನ್ನಾರ್ ಎನ್ನುತ್ತಿದ್ದರು. ಆಮೇಲೆ ದುಬೈ ಬಂತು. ಈಗ ಮಾಲ್ದೀವ್ಸ್ ಎನ್ನುತ್ತಾರೆ. 2024ರ ಜನವರಿಯಲ್ಲಿ ಪ್ರಧಾನಿಯವರ ಲಕ್ಷದ್ವೀಪ ಭೇಟಿಯ ಚಿತ್ರಗಳು ದೇಶದ ತುಂಬ ಹರಡಿದ ಮೇಲೆ ಆ ಹೆಸರೂ ಪಟ್ಟಿಗೆ ಸೇರಿದೆ. ಆದರೆ ದ್ವೀಪವೆಂದರೆ ಸಾಲದು. ಅದು ಚಿಕ್ಕದಾಗಿರಬೇಕು, ನಿರ್ಜನವಾಗಿರಬೇಕು, ನೀರಿನ ಮೇಲೆ ಕಟ್ಟಿದ ಕೊಠಡಿ ಇರಬೇಕು, ಮತ್ತೊಬ್ಬ ಮನುಷ್ಯನ ಮುಖ ಕಾಣಬಾರದು. ಈ ಹಠದ ಬಗ್ಗೆ ನಾವು ಕೆಲವು ಮಾತು ಹೇಳಬೇಕಾಗಿದೆ. ಅನ್ಯರತ್ತ ಬೆರಳು ತೋರಿಸಿ ಹೇಳುವುದಿಲ್ಲ. ಬೋಳಾರದ ನಮ್ಮ ಮನೆಯಲ್ಲೇ ಈ ತಪ್ಪು ನಡೆಯುವುದರಲ್ಲಿತ್ತು.

ನಮ್ಮ ಅಣ್ಣನ ಮಗನ ಮದುವೆಗೆ ಮುಂಚೆ ಪ್ರವಾಸದ ಏಜೆಂಟರು ಕೊಟ್ಟ ಹಾಳೆಯೊಂದನ್ನು ಚಾವಡಿಯಲ್ಲಿ ಹರಡಿಕೊಂಡು ನಾವೆಲ್ಲ ಕುಳಿತಿದ್ದೆವು. ನಾಲ್ಕು ರಾತ್ರಿ, ಐದು ಹಗಲು. ವಿಮಾನ, ಸ್ಪೀಡ್ ಬೋಟ್, ಸ್ವಂತ ಈಜುಕೊಳವಿರುವ ವಿಲ್ಲಾ, ಹಲಾಲ್ ಊಟ. ಎಲ್ಲ ಸೇರಿ ಆರು ಲಕ್ಷ ರೂಪಾಯಿಗೆ ಹತ್ತಿರ. ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಅರ್ಧ ಮೊತ್ತವನ್ನು ಬರೆದು, ಮುಂದೆ ‘ಹೆಣ್ಣಿನ ಕಡೆಯಿಂದ’ ಎಂದು ಗುರುತಿಸಲಾಗಿತ್ತು. ಉಳಿದರ್ಧಕ್ಕೆ ಬ್ಯಾಂಕಿನ ಕಂತಿನ ಸಾಲ. ಬರೆದವರು ನಮ್ಮವರೇ. ಓದಿಯೂ ಸುಮ್ಮನಿದ್ದವರು ನಾವು.

ಅಂದು ಮೂಲೆಯ ಕುರ್ಚಿಯಲ್ಲಿ ನಮ್ಮ ಹಿರಿಯ ಮಾವ ಕುಳಿತಿದ್ದರು. ಮಂಗಳೂರಿನ ಹಳೆ ಬಂದರಿನಿಂದ ಅಮಿನಿ, ಕಿಲ್ತಾನ್, ಚೆತ್ಲತ್‌ಗಳಿಗೆ ಸರಕು ಸಾಗಿಸುವ ಮಂಜಿಗಳಲ್ಲಿ ಜೀವಮಾನವಿಡೀ ದುಡಿದವರು. ಅವರು ಹುಡುಗನನ್ನು ಕೇಳಿದರು: “ಆ ದ್ವೀಪದಲ್ಲಿ ಯಾರಿದ್ದಾರೆ ಮಗಾ?”

“ಯಾರೂ ಇಲ್ಲ ಅಜ್ಜ. ಅದಕ್ಕೇ ಅಷ್ಟು ದರ.”

“ಯಾರೂ ಇಲ್ಲದಲ್ಲಿ ಇಳಿದು ಯಾರಿಗೆ ಸಲಾಂ ಹೇಳ್ತೀಯಾ?”

ಎಲ್ಲರೂ ನಕ್ಕರು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ನಮ್ಮ ಪೂರ್ವಜರಿಗೆ ದ್ವೀಪವೆಂದರೆ ಸಲಾಂ ಹೇಳುವ ಜಾಗ. ನಮಗೆ ಅದು ಸಲಾಂ ತಪ್ಪಿಸಿಕೊಳ್ಳುವ ಜಾಗವಾಗಿದೆ. ಈ ಪಲ್ಲಟ ಹೇಗಾಯಿತು?

ಮಂಗಳೂರಿಗೂ ಕಡಲಿನ ಈ ದ್ವೀಪಗಳಿಗೂ ಇರುವ ನಂಟು ಪ್ರವಾಸೋದ್ಯಮದಿಂದ ಹುಟ್ಟಿದ್ದಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ ನಮ್ಮ ಊರಿಗೆ ಬಂದು, ಅದನ್ನು ಮಂಜರೂರು ಎಂದು ಕರೆದು, ಇಲ್ಲಿ ಸುಮಾರು 4,000 ಮುಸ್ಲಿಮರು ನೆಲೆಸಿದ್ದಾರೆಂದು ಬರೆದಿಟ್ಟ. ಅದೇ ಯಾತ್ರಿಕ ಮುಂದೆ ಮಾಲ್ದೀವ್ಸ್‌ಗೆ ಹೋಗಿ ಅಲ್ಲಿ ಕಾಝಿಯಾಗಿ ಸೇವೆ ಸಲ್ಲಿಸಿದ. 1153ರಲ್ಲೇ ಇಸ್ಲಾಮನ್ನು ಸ್ವೀಕರಿಸಿದ್ದ ಆ ನಾಡಿನಲ್ಲಿ ಅವನು ಜನರ ನಡುವೆ ಬಾಳಿದ, ತೀರ್ಪು ಕೊಟ್ಟ, ಜಗಳವನ್ನೂ ಆಡಿದ. ಲಕ್ಷದ್ವೀಪದ ಸಂಬಂಧವಂತೂ ಇನ್ನೂ ಹತ್ತಿರದ್ದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅಮಿನಿಯ ಜನರು ಅರಕ್ಕಲ್ ಆಡಳಿತದಿಂದ ಬೇಸತ್ತು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನರ ಆಶ್ರಯ ಕೋರಿದರು. 1799ರ ಬಳಿಕ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ಕಂಪನಿಯ ಕೈಸೇರಿದವು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ರಚನೆಯಾಗುವ ತನಕ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿದ್ದವು. ದ್ವೀಪದ ಹೆಂಗಸರು ಹೊಸೆದ ತೆಂಗಿನ ನಾರಿನ ಹುರಿ ಮಂಗಳೂರಿಗೆ ಬರುತ್ತಿತ್ತು. ಮಂಗಳೂರಿನಿಂದ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು.

ಆ ಕೊಡುಕೊಳ್ಳುವಿಕೆ ಇಂದಿಗೂ ನಿಂತಿಲ್ಲ. ಬೋಳಾರದಿಂದ ಹೊಯಿಗೆ ಬಜಾರಿನ ದಾರಿಯಾಗಿ ಬಂದರಿಗೆ ನಡೆದರೆ ಸಿಮೆಂಟು, ಜಲ್ಲಿ, ಇಟ್ಟಿಗೆ, ತರಕಾರಿ, ಆಡುಗಳನ್ನು ತುಂಬಿಕೊಂಡು ಲಕ್ಷದ್ವೀಪಕ್ಕೆ ಹೊರಟ ಮಂಜಿಗಳನ್ನು ಕಾಣಬಹುದು. ಮಳೆಗಾಲದಲ್ಲಿ ಕಡಲು ಮುಚ್ಚಿದಾಗ ಆ ಮನೆಗಳ ಅಡುಗೆಮನೆಗಳೂ ಕಾಯುತ್ತವೆ. 2024ರ ಮೇ ತಿಂಗಳಲ್ಲಿ ಪ್ರಯಾಣಿಕರ ವೇಗದ ಹಡಗು ಮತ್ತೆ ಹಳೆ ಬಂದರಿಗೆ ಬಂದಾಗ ದ್ವೀಪದ ಜನ ಸಂತಸಪಟ್ಟರು. ನಮ್ಮ ನಗರದ ಆಸ್ಪತ್ರೆಗಳ ಮೊಗಸಾಲೆಗಳಲ್ಲಿ ಕುಳಿತಿರುವ ಜೆಸರಿ ಮಾತಿನ ತಾಯಂದಿರನ್ನು ನಮ್ಮಲ್ಲಿ ಎಷ್ಟು ಮಂದಿ ಗುರುತಿಸಿದ್ದೇವೆ? ಅವರು ಬಂದುದೂ ಅದೇ ದ್ವೀಪಗಳಿಂದ. ಅವರು ನಮ್ಮೂರಿಗೆ ಬಂದಾಗ ಎರಡು ಮಾತಾಡಲು ನಮಗೆ ಪುರಸೊತ್ತಿಲ್ಲ. ಅವರಿಲ್ಲದ ದ್ವೀಪವನ್ನು ಹುಡುಕಲು ಮಾತ್ರ ಲಕ್ಷಗಟ್ಟಲೆ ಹಣವಿದೆ.

ಇಷ್ಟಕ್ಕೂ ನಿರ್ಜನ ಎಂಬ ಮಾತು ಎಷ್ಟು ನಿಜ? ಲಕ್ಷದ್ವೀಪದ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್. ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ. 2011ರ ಜನಗಣತಿಯಂತೆ 64,473 ಮಂದಿ ಅಲ್ಲಿದ್ದಾರೆ. ಅವರಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಮುಸ್ಲಿಮರು. ಜಾಹೀರಾತಿನಲ್ಲಿ ಖಾಲಿಯಾಗಿ ಕಾಣುವ ಬಂಗಾರಂ, ತಿನ್ನಕರ ದ್ವೀಪಗಳು ಅಗತ್ತಿಯ ಜನರಿಗೆ ತೆಂಗಿನಕಾಯಿಯ, ಮೀನುಗಾರಿಕೆಯ ಜಾಗಗಳು. ಅಲ್ಲಿ ಯಾರೂ ಮನೆ ಕಟ್ಟಿಲ್ಲ ಎಂಬುದು ನಿಜವಿರಬಹುದು. ಅದು ಯಾರಿಗೂ ಸೇರಿದ್ದಲ್ಲ ಎಂದು ಅದರಿಂದ ಅರ್ಥವಾಗುವುದಿಲ್ಲ. ನಮ್ಮ ತೋಟದಲ್ಲಿ ನಾವು ಮಲಗುವುದಿಲ್ಲವೆಂದು ಅದನ್ನು ನಿರ್ಜನ ಪ್ರದೇಶವೆಂದು ಕರೆಯಲು ಬಿಡುತ್ತೇವೆಯೇ? 2021ರಲ್ಲಿ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ ಹೊರಬಂದಾಗ ಭೂಮಿ ಕೈತಪ್ಪೀತೆಂಬ ಭಯದಿಂದ ದ್ವೀಪವಾಸಿಗಳು ತಮ್ಮ ಮನೆಯಂಗಳಗಳಲ್ಲೇ ಉಪವಾಸ ಕುಳಿತು ಪ್ರತಿಭಟಿಸಿದರು. ಅಂದು ನಮ್ಮಲ್ಲಿ ಅನೇಕರು ಅವರ ಪರವಾಗಿ ಸಾಮಾಜಿಕ ಜಾಲತಾಣಗಳಲ್ಲಿ ಬರೆದೆವು. ಇಂದು ಅದೇ ಬೆರಳುಗಳಿಂದ ಅದೇ ದ್ವೀಪದ ಖಾಲಿ ದಂಡೆಯಲ್ಲಿ ಐಷಾರಾಮಿ ಡೇರೆಯ ದರ ವಿಚಾರಿಸುತ್ತಿದ್ದೇವೆ. ಬೇಡಿಕೆ ಇಲ್ಲದೆ ಯೋಜನೆಗಳು ಬರುವುದಿಲ್ಲ. ಆ ಬೇಡಿಕೆ ನಾವೇ.

ಇನ್ನು ನೀರಿನ ವಿಷಯ. ಹವಳದ ದ್ವೀಪದಲ್ಲಿ ನದಿಯಿಲ್ಲ, ಹೊಳೆಯಿಲ್ಲ. ಮಳೆಯ ಸಿಹಿನೀರು ಮರಳಿನಡಿಯಲ್ಲಿ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಂತಿರುತ್ತದೆ. ಹೆಚ್ಚು ಸೇದಿದರೆ ಬಾವಿ ಉಪ್ಪಾಗುತ್ತದೆ. ಈ ಕೊರತೆಯಿಂದಲೇ 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ ಸ್ಥಾವರವನ್ನು ಸ್ಥಾಪಿಸಲಾಯಿತು. ಅದರ ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರ್. ಕಡಲಿನ ನಡುವೆ ಕುಡಿಯುವ ನೀರಿಗೆ ಇಷ್ಟು ಕಷ್ಟಪಡುವ ನೆಲದಲ್ಲಿ ಕೊಠಡಿಗೊಂದು ಈಜುಕೊಳ ಬೇಕೆಂದು ಕೇಳುವವರು ನಾವು. ಪ್ರವಾದಿಯವರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು, ಒಂದು ಸಾಅ್‌ನಿಂದ ಐದು ಮುದ್ದ್‌ವರೆಗಿನ ನೀರಿನಲ್ಲಿ ಸ್ನಾನ ಮುಗಿಸುತ್ತಿದ್ದರು ಎಂದು ಹದೀಸ್‌ನಲ್ಲಿದೆ. ಸಾಅ್ ಎಂದರೆ ಸುಮಾರು ಮೂರು ಲೀಟರ್. ಮಸೀದಿಯ ನಳ್ಳಿಯ ಬಳಿ ಈ ಸುನ್ನತ್ತನ್ನು ಮಕ್ಕಳಿಗೆ ಕಲಿಸುವ ನಾವು ಪ್ರವಾಸಕ್ಕೆ ಹೊರಟಾಗ ಅದನ್ನು ಮನೆಯಲ್ಲಿ ಬಿಟ್ಟುಹೋಗುತ್ತೇವೆ.

“ಆದರೆ ಅಲ್ಲಿ ಎಲ್ಲವೂ ಹಲಾಲ್” ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಮಾಂಸದ ಝಬಹ್ ಸರಿಯಿದೆ, ಪರ್ದಾಕ್ಕೆ ಅನುಕೂಲವಿದೆ, ನಮಾಝಿಗೆ ಮುಸಲ್ಲಾ ಇಟ್ಟಿದ್ದಾರೆ. ಒಳ್ಳೆಯದೇ. ಆದರೆ ಈ ಏಕಾಂತ ಯಾವುದರ ಮೇಲೆ ನಿಂತಿದೆ ಎಂಬುದನ್ನೂ ನೋಡಬೇಕು. ಮಾಲ್ದೀವ್ಸ್‌ನಲ್ಲಿ ಮೊದಲ ರೆಸಾರ್ಟ್ 1972ರಲ್ಲಿ ತೆರೆಯಿತು. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬ ಪದ್ಧತಿ ಅಲ್ಲಿ ಬೆಳೆಯಿತು. ಜನರಿರುವ ದ್ವೀಪದಲ್ಲಿ ಮದ್ಯಕ್ಕೆ ನಿಷೇಧ. ರೆಸಾರ್ಟಿನ ದ್ವೀಪದಲ್ಲಿ ಪರವಾನಗಿ. ಲಕ್ಷದ್ವೀಪದಲ್ಲೂ ಪಾನನಿಷೇಧದಿಂದ ಬಂಗಾರಂಗೆ ವಿನಾಯಿತಿ ದೊರೆತದ್ದು ಅದು ಜನವಸತಿಯಿಲ್ಲದ ಪ್ರವಾಸಿ ದ್ವೀಪವೆಂಬ ಕಾರಣಕ್ಕೆ. ಜನರನ್ನು ದೂರವಿಟ್ಟರೆ ಅವರ ಮಸೀದಿ, ಅವರ ಮರ್ಯಾದೆ, ಅವರ ಪ್ರಶ್ನೆ ಎಲ್ಲವೂ ದೂರವಾಗುತ್ತವೆ. ನಾವು ಹಣ ಕೊಟ್ಟು ಕೊಳ್ಳುವ ಏಕಾಂತದ ನಿಜವಾದ ಸರಕು ಇದೇ. ಆ ಏಕಾಂತದ ಕಸ ಎಲ್ಲಿಗೆ ಹೋಗುತ್ತದೆ? ಮಾಲೆಯ ಸಮೀಪದ ತಿಲಫುಶಿಯಲ್ಲಿ ನಗರದ ಮತ್ತು ರೆಸಾರ್ಟುಗಳ ಕಸವನ್ನು ಸುರಿದು ಸುರಿದು ಒಂದು ದ್ವೀಪವೇ ಎದ್ದಿದೆ. ಅದರ ಚಿತ್ರ ಏಜೆಂಟರ ಹಾಳೆಯಲ್ಲಿರುವುದಿಲ್ಲ. ತಟ್ಟೆಯಲ್ಲಿರುವ ಮಾಂಸದ ಬಗ್ಗೆ ಮಾತ್ರ ಹಲಾಲ್ ವಿಚಾರಿಸಿ, ಬಡ್ಡಿಯ ಸಾಲ, ದುಂದುವೆಚ್ಚ, ನೆರೆಯವರ ಹಕ್ಕುಗಳ ಬಗ್ಗೆ ವಿಚಾರಿಸದಿರುವುದು ಧರ್ಮಪಾಲನೆಯಲ್ಲ.

ಬನೀ ಇಸ್ರಾಈಲ್ ಅಧ್ಯಾಯದಲ್ಲಿ ದುಂದುಗಾರರನ್ನು ಶೈತಾನನ ಸಹೋದರರೆಂದು ಕರೆದಿರುವುದು ನಮಗೆಲ್ಲ ಗೊತ್ತು. ಖುತುಬಾಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅದಕ್ಕೆ ಮುಂಚೆ ಏನಿದೆ ಎಂಬುದನ್ನು ಗಮನಿಸಿದವರು ಕಡಿಮೆ. ಬಂಧುಗಳಿಗೆ, ಬಡವರಿಗೆ, ದಾರಿಹೋಕರಿಗೆ ಅವರ ಹಕ್ಕನ್ನು ಕೊಡಿರೆಂಬ ಆದೇಶದ ಬೆನ್ನಿಗೇ ದುಂದುವೆಚ್ಚದ ನಿಷೇಧ ಬರುತ್ತದೆ. ನಾವು ಸುರಿಯುವ ಹಣದಲ್ಲಿ ಬೇರೊಬ್ಬರ ಪಾಲು ಇದೆಯೆಂಬುದನ್ನು ಈ ಕ್ರಮವೇ ನೆನಪಿಸುತ್ತದೆ. ನಮ್ಮ ಮನೆಯ ಹಾಳೆಯಲ್ಲಿ ಆ ಬೇರೊಬ್ಬರು ಯಾರೆಂದು ಹುಡುಕಬೇಕಾಗಿರಲಿಲ್ಲ. ಪೆನ್ಸಿಲಿನಲ್ಲಿ ಬರೆದೇ ಇತ್ತು. ಹುಡುಗಿಯ ತಂದೆ ಚಿಕ್ಕದೊಂದು ಅಂಗಡಿ ಇಟ್ಟುಕೊಂಡವರು; ಇನ್ನೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ನಾವು ವರದಕ್ಷಿಣೆ ಕೇಳಿಲ್ಲವೆಂದು ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡಿದ್ದೆವು. ನಗದು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ದ್ವೀಪ ಕೇಳಿದೆವು. ಹೆಸರು ಬದಲಾದರೆ ಪಾಪ ಬದಲಾಗುವುದಿಲ್ಲ. ಮಹರ್ ಕೊಡಬೇಕಾದವನು ಗಂಡು ಎಂಬ ವಿಧಿಯನ್ನು ತಲೆಕೆಳಗು ಮಾಡುವ ಯಾವುದೇ ಉಡುಗೊರೆಯೂ ವರದಕ್ಷಿಣೆಯೇ.

ಹಾಗಾದರೆ ಸಂತೋಷಪಡುವುದೇ ತಪ್ಪೇ ಎಂದು ಯುವಕರು ಕೇಳುತ್ತಾರೆ. ಕೇಳಲೇಬೇಕು. ತಪ್ಪಲ್ಲ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನು ನೋಡಿರೆಂದು ಕುರ್‌ಆನ್ ಪ್ರೇರೇಪಿಸುತ್ತದೆ. ಪ್ರವಾದಿಯವರು(ಸ) ಪ್ರಯಾಣದ ನಡುವೆ ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದರು. ಒಮ್ಮೆ ಅವರು ಗೆದ್ದರು, ಇನ್ನೊಮ್ಮೆ ಇವರು ಗೆದ್ದರು. ದಾಂಪತ್ಯದ ಆ ಸಂತೋಷಕ್ಕೆ ಒಂದು ದಿರ್ಹಮ್ ಕೂಡ ಖರ್ಚಾಗಲಿಲ್ಲ. ಹೊಸದಾಗಿ ಮದುವೆಯಾದವರಿಗೆ ಏಕಾಂತ ಬೇಕು. ಅವಿಭಕ್ತ ಕುಟುಂಬದ ಕಿರಿದಾದ ಮನೆಗಳಲ್ಲಿ ಅದು ಸಿಗುವುದಿಲ್ಲ ಎಂಬುದೂ ನಿಜ. ಅದನ್ನು ಕೊಡಬೇಕಾದವರು ಮನೆಯ ಹಿರಿಯರು; ನಾವು ಕೊಡದಿದ್ದಾಗ ಮಾರುಕಟ್ಟೆ ಅದನ್ನು ಮಾರುತ್ತದೆ. ನಾಲ್ಕು ರಾತ್ರಿಯ ಏಕಾಂತಕ್ಕೆ ಲಕ್ಷಗಟ್ಟಲೆ ತೆತ್ತು ಮನೆಗೆ ಮರಳಿದ ಸೊಸೆಗೆ, ಬಾಗಿಲು ಹಾಕಿಕೊಂಡು ಕೂರಲು ಒಂದು ಕೋಣೆ ಇಲ್ಲವೆಂದರೆ ಆ ಖರ್ಚಿನಿಂದ ಯಾರಿಗೆ ಏನು ದೊರೆಯಿತು?

ಶ್ರೀಮಂತರ ಮೇಲಿನ ಅಸೂಯೆ ಇದೆಂದು ಮತ್ತೆ ಕೆಲವರು ಹೇಳಿಯಾರು. ಝಕಾತ್ ಕೊಟ್ಟು ಉಳಿದದ್ದು ನಮ್ಮದೇ ತಾನೇ ಎಂದು ವಾದಿಸಿಯಾರು. ನಿಮ್ಮದೇ ಹೌದು, ಆದರೆ ಅಮಾನತ್ ಆಗಿ ನಿಮ್ಮದು. ಅಲ್ಲದೆ ಈ ಚಟ ಶ್ರೀಮಂತರಲ್ಲಿ ನಿಲ್ಲುತ್ತಿಲ್ಲ. ಅವರ ಚಿತ್ರಗಳನ್ನು ನೋಡಿದ ಕೊಲ್ಲಿಯ ಸಾಧಾರಣ ನೌಕರ, ಮೀನು ಮಾರುಕಟ್ಟೆಯ ಗುಮಾಸ್ತ, ಬೋಳಾರದ ನಮ್ಮಂಥ ಮಧ್ಯಮ ವರ್ಗದವರು ಕಂತಿನ ಸಾಲಕ್ಕೆ ಸಹಿ ಹಾಕುತ್ತಿದ್ದೇವೆ. ಒಬ್ಬನ ಆಡಂಬರ ಹತ್ತು ಮನೆಗಳ ಬಡ್ಡಿಯಾಗುತ್ತದೆ.

ನಾವೇನು ಮಾಡಿದೆವೆಂದು ಹೇಳಿ ಮುಗಿಸುತ್ತೇವೆ. ಹೆಣ್ಣಿನ ತಂದೆಯ ಮನೆಗೆ ಹೋಗಿ ಆ ಬೇಡಿಕೆಗಾಗಿ ಕ್ಷಮೆ ಕೇಳಿದೆವು. ಅವರು ಅದಾಗಲೇ ಸಾಲಕ್ಕೆ ಒಬ್ಬರಲ್ಲಿ ಮಾತಾಡಿದ್ದರೆಂದು ಆಗ ತಿಳಿಯಿತು, ತಲೆ ಎತ್ತಲಾಗಲಿಲ್ಲ. ಕಂತಿನ ಸಾಲವನ್ನು ಕೈಬಿಟ್ಟೆವು. ಕೈಯಲ್ಲಿದ್ದ ಹಣದಲ್ಲಿ ಮಾಳಿಗೆಯ ಕೋಣೆಯನ್ನು ದುರಸ್ತಿ ಮಾಡಿಸಿ ದಂಪತಿಗೆ ಬಿಟ್ಟುಕೊಟ್ಟೆವು. ಹುಡುಗನ ಮುನಿಸು ಇನ್ನೂ ಪೂರ್ತಿ ಇಳಿದಿಲ್ಲ. ಗೆಳೆಯರ ಚಿತ್ರಗಳನ್ನು ನೋಡುವಾಗ ಅವನ ಮುಖ ಸಣ್ಣದಾಗುತ್ತದೆ. ಮಾವ ಅವನಿಗೊಂದು ಮಾತು ಕೊಟ್ಟಿದ್ದಾರೆ. ಮಳೆಗಾಲ ಮುಗಿದ ಮೇಲೆ ಪ್ರವೇಶ ಪರವಾನಗಿ ಪಡೆದು, ಕಿಲ್ತಾನಿನಲ್ಲಿರುವ ತಮ್ಮ ಹಳೆಯ ಜೊತೆಗಾರರ ಮನೆಗೆ ಇಬ್ಬರನ್ನೂ ಕಳುಹಿಸುತ್ತಾರಂತೆ. ಅಲ್ಲಿ ಈಜುಕೊಳವಿಲ್ಲ. ಕಡಲಿದೆ, ಮಸೀದಿಯಿದೆ, ಹಡಗಿನಿಂದ ಇಳಿಯುವಾಗ ಸಲಾಂ ಹೇಳಲು ಜನರಿದ್ದಾರೆ.

ದ್ವೀಪಗಳಿಗೆ ಹೋಗಬೇಡಿರೆಂದು ನಾವು ಹೇಳುವುದಿಲ್ಲ. ನೆರೆಯವರಾಗಿ ಹೋಗಿರಿ, ಅತಿಥಿಗಳಾಗಿ ಹೋಗಿರಿ, ಅವರ ಬಾವಿಯ ಆಳವನ್ನು ಅರಿತು ನೀರು ಸೇದಿರಿ. ಅದಕ್ಕೂ ಮುಂಚೆ ಒಂದು ಸಂಜೆ ಇಲ್ಲೇ ಪಕ್ಕದ ಆಸ್ಪತ್ರೆಗೆ ಹೋಗಿ, ಹಡಗಿನಲ್ಲಿ ಬಂದು ಕುಳಿತಿರುವ ದ್ವೀಪದ ರೋಗಿಯೊಬ್ಬರ ಕ್ಷೇಮ ವಿಚಾರಿಸಿರಿ. ಅವರ ಊರು ಹೇಗಿದೆಯೆಂದು ಯಾವ ಏಜೆಂಟರಿಗಿಂತಲೂ ಚೆನ್ನಾಗಿ ಅವರು ಹೇಳಬಲ್ಲರು. ನಮ್ಮ ಸಂಪತ್ತನ್ನು ನಮಗೆ ಪರೀಕ್ಷೆಯಾಗಿ ಕೊಟ್ಟಿರುವ ಅಲ್ಲಾಹನು ಆ ಪರೀಕ್ಷೆಯಲ್ಲಿ ನಮ್ಮನ್ನು ಮತ್ತು ನಮ್ಮ ಮಕ್ಕಳನ್ನು ಸೋಲಿಸದಿರಲಿ. ಆಮೀನ್.